ಪ್ಯಾಕ್‌ಮ್ಯಾನ್ ಮನೆಗೆ ಬಂದಾಗ ಕಳೆದುಹೋದದ್ದೇನು?

ಬಾಯಿ ತೆರೆದ ಹಳದಿ ವೃತ್ತವೊಂದು ಚಕ್ರವ್ಯೂಹದಲ್ಲಿ ಓಡಾಡುತ್ತ ಚುಕ್ಕಿಗಳನ್ನು ನುಂಗುವ, ನಾಲ್ಕು ಭೂತಗಳು ಅದನ್ನು ಅಟ್ಟಿಸಿಕೊಂಡು ಬರುವ ಆಟವನ್ನು ನೀವು ಗಣಕದಲ್ಲೋ ಮೊಬೈಲ್ ಫೋನಿನಲ್ಲೋ ಆಡಿರಬಹುದು. ಅದೇ ಪ್ಯಾಕ್‌ಮ್ಯಾನ್. ಜಪಾನಿನ ನಾಮ್ಕೊ ಸಂಸ್ಥೆಯಲ್ಲಿದ್ದ ತೋರು ಇವಾತಾನಿ ರೂಪಿಸಿದ ಈ ಆಟ 1980ರಲ್ಲಿ ಹೊರಬಂತು. ಆಗ ಅದನ್ನು ಆಡಲು ಆಟದಂಗಡಿಗೆ ಹೋಗಿ ಆಳೆತ್ತರದ ಯಂತ್ರಕ್ಕೆ ನಾಣ್ಯ ಹಾಕಬೇಕಿತ್ತು. ಮುಂದೆ ಅದನ್ನು ಮನೆಯ ಟಿವಿಗೆ ಜೋಡಿಸುವ ಪುಟ್ಟ ಯಂತ್ರಗಳಿಗೆ ಅಳವಡಿಸಿದರು. ಇಂಥ ಅಳವಡಿಕೆಗೆ 'ಪೋರ್ಟ್' ಎಂದು ಹೆಸರು. ಚಿತ್ರ ಮೂಲಕ್ಕೆ ಎಷ್ಟು ಹೋಲುತ್ತದೆ ಎಂಬುದರ ಮೇಲೆಯೇ ಪೋರ್ಟನ್ನು ಅಳೆಯುವುದು ರೂಢಿ. ಆ ಅಳತೆಗೋಲು ಸಾಲದು.

ಮೂಲ ಆಟದ ತಿರುಳು ಭೂತಗಳ ಸ್ವಭಾವದಲ್ಲಿದೆ. ಕೆಂಪು ಭೂತ ನೇರವಾಗಿ ಪ್ಯಾಕ್‌ಮ್ಯಾನ್ ಇರುವಲ್ಲಿಗೇ ಬರುತ್ತದೆ. ಗುಲಾಬಿ ಭೂತ ಅವನಿಗಿಂತ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ದಾರಿಗೆ ಅಡ್ಡ ಬರಲು ನೋಡುತ್ತದೆ. ನೀಲಿ ಭೂತ ಕೆಂಪಿನ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಿತ್ತಳೆಯದು ದೂರವಿದ್ದಾಗ ಬೆನ್ನಟ್ಟಿ, ಎಂಟು ಮನೆಗಳಷ್ಟು ಹತ್ತಿರ ಬಂದೊಡನೆ ತನ್ನ ಮೂಲೆಯತ್ತ ತಿರುಗುತ್ತದೆ. ಆದ್ದರಿಂದ ಬಣ್ಣ ನೋಡಿದೊಡನೆ ಮುಂದಿನ ನಡೆಯನ್ನು ಊಹಿಸಬಹುದು. ನಾಲ್ಕು ಬಣ್ಣಗಳನ್ನು ಸ್ಪಷ್ಟವಾಗಿ ತೋರಿಸದ ಪೋರ್ಟು ಆಟಗಾರನಿಂದ ಮಾಹಿತಿಯನ್ನೇ ಕಿತ್ತುಕೊಂಡಂತೆ.

1982ರಲ್ಲಿ ಅಟಾರಿ 2600 ಯಂತ್ರಕ್ಕೆ ಟಾಡ್ ಫ್ರೈ ಬರೆದ ಪೋರ್ಟು ಮಾಡಿದ್ದು ಇದನ್ನೇ. ಕಪ್ಪು ಹಿನ್ನೆಲೆ ಹೋಗಿ ನೀಲಿ ಬಂತು. ಹಣ್ಣುಗಳಿದ್ದ ಜಾಗಕ್ಕೆ ಒಂದು ಚೌಕಾಕೃತಿ ಬಂತು. ದುಂಡು ಚುಕ್ಕಿಗಳು ಅಡ್ಡಗೆರೆಗಳಾದವು. ಎಡ-ಬಲಗಳಲ್ಲಿದ್ದ ಸುರಂಗ ಮೇಲೆ-ಕೆಳಗೆ ಹೋಯಿತು. ಇವನ್ನೆಲ್ಲ ಕ್ಷಮಿಸಬಹುದು. ಆದರೆ ಭೂತಗಳು ಮಸುಕಾಗಿ ಮಿಣುಕುತ್ತಿದ್ದವು. ಯಾವುದು ಯಾವ ಭೂತವೆಂದು ಹೇಳುವುದೇ ಕಷ್ಟವಾಗಿತ್ತು.

ಹೀಗೇಕಾಯಿತು? 1977ರ ಆ ಯಂತ್ರದ ಸ್ಮೃತಿ ಕೇವಲ 128 ಬೈಟ್. ಇಡೀ ಚಿತ್ರವನ್ನು ಸಂಗ್ರಹಿಸಿಡಲು ಅದರಲ್ಲಿ ಜಾಗವೇ ಇಲ್ಲ. ಎಲೆಕ್ಟ್ರಾನ್ ದೂಲ ಟಿವಿ ತೆರೆಯ ಮೇಲೆ ಒಂದೊಂದು ಗೆರೆ ಎಳೆಯುತ್ತಿರುವಾಗಲೇ ಆ ಗೆರೆಯಲ್ಲಿ ಏನಿರಬೇಕೆಂದು ಕ್ರಮವಿಧಿ ಹೇಳಬೇಕು. ಗೆರೆಯೊಂದಕ್ಕೆ ಸಂಸ್ಕಾರಕಕ್ಕೆ ದಕ್ಕುವುದು 76 ಆವರ್ತಗಳು ಮಾತ್ರ. ಹಿನ್ನೆಲೆಯ ಎಡ ಅರ್ಧವನ್ನು ಬರೆದರೆ ಅದನ್ನೇ ಕನ್ನಡಿಯಂತೆ ಬಲಕ್ಕೆ ಮೂಡಿಸುವ ಸೌಕರ್ಯ ಇದೆ. ಪ್ಯಾಕ್‌ಮ್ಯಾನ್ ಚಕ್ರವ್ಯೂಹವೂ ಎಡ-ಬಲ ಸಮಮಿತಿಯುಳ್ಳದ್ದೇ! ಆದರೆ ತಿಂದು ಮುಗಿಸಿದ ಚುಕ್ಕಿಗಳಿಗೆ ಸಮಮಿತಿ ಇರುವುದಿಲ್ಲವಲ್ಲ. ಹಾಗಾಗಿ ಗೆರೆಯ ನಡುವೆಯೇ ಮಾಹಿತಿಯನ್ನು ಬದಲಿಸುವ ಕಸರತ್ತು ಅನಿವಾರ್ಯ. ಇನ್ನು ಚುಕ್ಕಿಗಳ ಲೆಕ್ಕ. ಮೂಲದಲ್ಲಿ 240 ಸಣ್ಣ ಚುಕ್ಕಿಗಳಿವೆ. ಒಂದಕ್ಕೆ ಒಂದು ಬಿಟ್ ಎಂದರೂ 30 ಬೈಟ್ ಬೇಕು. ಇಬ್ಬರು ಸರದಿಯಲ್ಲಿ ಆಡುವಂತಿದ್ದರೆ 60 ಬೈಟ್, ಅಂದರೆ ಇರುವ ಸ್ಮೃತಿಯ ಹತ್ತಿರ ಹತ್ತಿರ ಅರ್ಧ. ಚುಕ್ಕಿಗಳನ್ನು ಕಡಿಮೆ ಮಾಡಿದ್ದು ಏಕೆಂದು ಈಗ ನಿಮಗೆ ಹೊಳೆದಿರಬೇಕು.

ಇಷ್ಟರ ಮೇಲೆ, ಚಲಿಸುವ ಆಕೃತಿಗಳಿಗೆಂದು ಯಂತ್ರದಲ್ಲಿದ್ದ ಮುಖ್ಯ ಸ್ಪ್ರೈಟುಗಳು ಎರಡೇ. ಒಂದು ಪ್ಯಾಕ್‌ಮ್ಯಾನನಿಗೆ ಹೋಯಿತು. ಉಳಿದೊಂದನ್ನು ನಾಲ್ಕು ಭೂತಗಳು ಸರದಿಯಲ್ಲಿ ಹಂಚಿಕೊಂಡವು. ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಮೂಡುತ್ತಿತ್ತು. ಒಂದು ಸಲಕ್ಕೆ ಒಂದೇ ಭೂತವಾದರೆ ಪ್ರತಿ ಭೂತವೂ ಕಾಣಿಸುವುದು 15 ಸಲ. ದೃಷ್ಟಿ ಸಾತತ್ಯದ ಪಾಠ ಮಾಡುವ ಅಧ್ಯಾಪಕರಿಗೆ ಇದು ಒಳ್ಳೆಯ ಉದಾಹರಣೆ: ಅಷ್ಟು ನಿಧಾನವಾಗಿ ಹೊತ್ತಿ ಆರುವ ಬೆಳಕನ್ನು ಕಣ್ಣು ಸ್ಥಿರವೆಂದು ಒಪ್ಪುವುದಿಲ್ಲ. ಈ ಆಟದ ಒಂದೇ ಒಂದು ಚಿತ್ರವನ್ನು ತಡೆಹಿಡಿದು ನೋಡಿದರೆ ಅದರಲ್ಲಿ ಒಂದೇ ಭೂತ ಇರುತ್ತದೆ.

ಹಾಗಾದರೆ ತಪ್ಪೆಲ್ಲ ಯಂತ್ರದ್ದೇ? ಅಲ್ಲ. 1983ರ ವೇಳೆಗೆ ಅದೇ ಅಟಾರಿ 2600ಕ್ಕೆ ಮಿಸ್ ಪ್ಯಾಕ್‌ಮ್ಯಾನ್ ಬಂತು. ಭೂತಗಳು ಬೇರೆ ಬೇರೆ ಎತ್ತರದಲ್ಲಿದ್ದಾಗ ಅದರ ಕ್ರಮವಿಧಿ ಒಂದೇ ಸ್ಪ್ರೈಟನ್ನು ಮೇಲೊಮ್ಮೆ ಕೆಳಗೊಮ್ಮೆ ಬಳಸುತ್ತದೆ. ಒಂದೇ ಸಾಲಿನಲ್ಲಿ ಗುಂಪುಗೂಡಿದಾಗ ಮಾತ್ರ ಮಿಣುಕು. ಭೂತಗಳಿಗೆ ಬಣ್ಣ ಮರಳಿತು, ಹಣ್ಣೂ ಬಂತು. ಅದಕ್ಕೆ 8 ಕಿಲೋಬೈಟ್ ಇತ್ತು, ಫ್ರೈಗೆ ಸಿಕ್ಕಿದ್ದು 4 ಮಾತ್ರ ಎಂಬ ವಾದ ಉಂಟು. ಎಷ್ಟೋ ವರ್ಷಗಳ ಬಳಿಕ ಹವ್ಯಾಸಿಗಳು 4 ಕಿಲೋಬೈಟಿನಲ್ಲೇ ಮೂಲಕ್ಕೆ ಬಹಳ ಹತ್ತಿರದ ಪ್ಯಾಕ್‌ಮ್ಯಾನ್ ಬರೆದು ತೋರಿಸಿದರು. ಅವರ ಮುಂದೆ ಗಡುವು ಇರಲಿಲ್ಲ ಎಂಬುದನ್ನೂ ಮರೆಯಬಾರದು.

1982ರಲ್ಲೇ ಬಂದ ಅಟಾರಿ 5200ರಲ್ಲಿ ಸ್ಮೃತಿ 16 ಕಿಲೋಬೈಟಿಗೆ ಏರಿತ್ತು. ಅದರ ಪ್ಯಾಕ್‌ಮ್ಯಾನ್ ಕಣ್ಣಿಗೆ ಹಿತ, ಕೈಗೆ ಕಷ್ಟ. ಅದರ ಹಿಡಿಕೆಯನ್ನು ಬಿಟ್ಟರೆ ತಾನಾಗಿ ನಡುವಿಗೆ ಮರಳುವುದಿಲ್ಲ. ಮೂಲೆಯಲ್ಲಿ ತಟ್ಟನೆ ತಿರುಗಬೇಕಾದ ಆಟಕ್ಕೆ ಇದು ದೊಡ್ಡ ಕೊರತೆಯೇ.

ನನ್ನ ಮತ ನಾಮ್ಕೊ ತಾನೇ 1984ರಲ್ಲಿ ನಿಂಟೆಂಡೋ ಸಂಸ್ಥೆಯ ಫ್ಯಾಮಿಕಾಂ ಯಂತ್ರಕ್ಕೆ ತಂದ ಪೋರ್ಟಿಗೆ. ಅದೂ ಪಡಿಯಚ್ಚಲ್ಲ. ಅಂಗಡಿ ಯಂತ್ರದ ತೆರೆ ಉದ್ದಕ್ಕೆ ನಿಂತದ್ದು, ಮನೆಯ ಟಿವಿ ಅಡ್ಡಕ್ಕೆ ಮಲಗಿದ್ದು. ಮೂಲ ಚಕ್ರವ್ಯೂಹದ ಎತ್ತರ ಎಂಟೆಂಟು ಗೆರೆಗಳ 31 ಮನೆಗಳು, ಅಂದರೆ 248 ಗೆರೆ. ಫ್ಯಾಮಿಕಾಂ ಕೊಡುವುದು 240 ಮಾತ್ರ, ಅದರಲ್ಲೂ ಅಂಚಿನ ಕೆಲವು ಗೆರೆಗಳು ಟಿವಿಯಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಚಕ್ರವ್ಯೂಹವನ್ನು ಕುಗ್ಗಿಸಿ, ಅಂಕಗಳನ್ನು ಬಲಬದಿಗೆ ಸರಿಸಿದರು. ಒಂದು ಗೆರೆಯಲ್ಲಿ ಎಂಟು ಸ್ಪ್ರೈಟುಗಳವರೆಗೆ ತೋರಿಸಬಲ್ಲ ಯಂತ್ರವಾದ್ದರಿಂದ ಭೂತಗಳು ಸ್ಪಷ್ಟವಾಗಿ ನಿಂತವು. ಬಲಕ್ಕೆ ಸರಿದ ಅಂಕಫಲಕ ಎರಡು ಸುತ್ತು ಆಡುವಷ್ಟರಲ್ಲಿ ಅಭ್ಯಾಸವಾಗುತ್ತದೆ. ಗುಲಾಬಿ ಭೂತ ಎದುರಿನ ತಿರುವಿನಲ್ಲಿ ಕಾದಿರುವುದು ಅಷ್ಟರಲ್ಲಿ ಕಣ್ಣಿಗೆ ಬಿದ್ದಿರುತ್ತದೆ.