ಶರೀರಧ್ವನಿಗಳ ಪದನಿರ್ಣಯ: ಒಂದು ವಿಮರ್ಶೆ

ತೇಗು, ಸೀನು, ಆಕಳಿಕೆ, ಬಿಕ್ಕಳಿಕೆ, ಗೊರಕೆ ಇವೆಲ್ಲ ಕನ್ನಡದ ಸ್ವಂತ ಪದಗಳು. ಆದರೂ ಶಿಷ್ಟಗದ್ಯವು ಇವನ್ನು ಬಳಸಲು ಸಂಕೋಚಪಟ್ಟು ಸಂಸ್ಕೃತದ ಮರೆಯನ್ನು ಸೇರುವುದುಂಟು. ಈ ಸಂಕೋಚದಿಂದ ಅರ್ಥಕ್ಕೆ ಒದಗುವ ಹಾನಿಯನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಚರಕಸಂಹಿತೆಯು ತಡೆಯಬಾರದ 13 ವೇಗಗಳಲ್ಲಿ ಉದ್ಗಾರವನ್ನೂ ಎಣಿಸಿದೆ. ಅಲ್ಲಿ ಅದರ ಅರ್ಥ ತೇಗು. ಕನ್ನಡದಲ್ಲಾದರೋ ಆ ಶಬ್ದವು ಭಾವಾವೇಶದ ಮಾತು ಎಂಬರ್ಥದಲ್ಲಿ ರೂಢವಾಗಿದೆ. ‘ಊಟವಾದೊಡನೆ ರೋಗಿಯು ಪದೇ ಪದೇ ಉದ್ಗಾರ ತೆಗೆದನು’ ಎಂದು ಬರೆದರೆ, ಅವನು ಅಡುಗೆಯನ್ನು ಹೊಗಳಿದನೆಂದೇ ಓದುಗನು ತಿಳಿದಾನು.

ಇನ್ನು ಅನುಕರಣ ಶಬ್ದಗಳ ವಿಚಾರ. 13ನೆಯ ಶತಮಾನದ ಕೇಶಿರಾಜನೇ ಶಬ್ದಮಣಿದರ್ಪಣದಲ್ಲಿ ಇವನ್ನು ಅವ್ಯಯಗಳೊಡನೆ ಪರಿಗಣಿಸಿದ್ದಾನೆ. ಇವುಗಳ ಸೂಕ್ಷ್ಮತೆಗೆ ಆಡುಮಾತೇ ಪ್ರಮಾಣ. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯಲ್ಲಿ, ಶಿವನಸಮುದ್ರದ ನೆರೆಯ ಸತ್ತೇಗಾಲದಂಥ ಊರುಗಳ ಬಾಯಲ್ಲಿ, ಹಕಾರ ಜಾರಿ ಹೊಟ್ಟೆಯು ‘ಒಟ್ಟೆ’ಯಾಗುತ್ತದೆ. ಆದರೆ ಅದು ‘ಗುರ್’ ಎನ್ನುವುದೂ ‘ಚುರ್’ ಎನ್ನುವುದೂ ಕನ್ನಡನಾಡಿನ ಇತರ ಕಡೆಗಳಲ್ಲಿರುವಂತೆಯೇ ಬೇರೆಬೇರೆಯಾಗಿ ಉಳಿದಿವೆ. ಗುರ್ ಎಂಬುದು ಪಕ್ಕದವನ ಕಿವಿಗೂ ಬೀಳುವ ಸದ್ದು. ಚುರ್ ಎಂಬುದಕ್ಕೆ ರೂಪವಷ್ಟೇ ಸದ್ದಿನದು. ಅದು ಹಸಿದವನಿಗೆ ಮಾತ್ರ ತಿಳಿಯುವ ಸಂಕಟ. ಎರಡನ್ನೂ ‘ಉದರಶಬ್ದ’ವೆಂದು ಬರೆದರೆ, ವೈದ್ಯನು ಕಿವಿಗೊಟ್ಟು ಕೇಳಬೇಕಾದುದಕ್ಕೂ ರೋಗಿಯನ್ನು ವಿಚಾರಿಸಿ ತಿಳಿಯಬೇಕಾದುದಕ್ಕೂ ಇರುವ ಭೇದವೇ ಅಳಿಯುತ್ತದೆ.

ಈ ತೊಡಕು ನಮ್ಮೊಬ್ಬರದಲ್ಲ. 1816ರಲ್ಲಿ ಸ್ಟೆತಸ್ಕೋಪನ್ನು ರೂಪಿಸಿದ ಫ್ರಾನ್ಸಿನ ಲೆನೆಕ್, ಎದೆಯ ಸದ್ದಿಗೆ ಫ್ರೆಂಚಿನಲ್ಲಿದ್ದ ಪದವು ಸಾಯುವವರ ಗಂಟಲ ಗೊರಗೊರವನ್ನು ನೆನಪಿಸುವುದೆಂದು, ರೋಗಿಗಳ ಮುಂದೆ ಲ್ಯಾಟಿನ್ ಪದವನ್ನು ಬಳಸಿದನು. ಆ ‘ರಾಂಕಸ್’ ಶಬ್ದದ ಮೂಲಾರ್ಥವೂ ಗೊರಕೆಯೇ! ಮರೆಮಾಚಲು ಅವನಿಗೆ ದಯೆಯ ಕಾರಣವಿತ್ತು. ಆದರೆ ಶಾಸ್ತ್ರವನ್ನು ಬರೆಯುವಾಗ ಅವನು ಸದ್ದನ್ನು ಮರೆಮಾಚಲಿಲ್ಲ. ಶ್ವಾಸಕೋಶದ ಒಂದು ಧ್ವನಿಯನ್ನು ಕಾದ ಪಾತ್ರೆಯಲ್ಲಿ ಉಪ್ಪು ಸಿಡಿಯುವುದಕ್ಕೆ ಹೋಲಿಸಿದನು. ಅವನು ಉಪಮೆಯಿಂದ ಸಾಧಿಸಿದುದಕ್ಕೆ ಕನ್ನಡದಲ್ಲಿ ‘ಚಟಚಟ’ ಎಂಬ ಪದವು ಸಿದ್ಧವಾಗಿಯೇ ಇದೆ.

ಆದುದರಿಂದ ಇಂಥ ಪದಗಳನ್ನು ಗ್ರಾಮ್ಯವೆಂದು ಕೈಬಿಡುವುದು ಯುಕ್ತವಲ್ಲ. ‘ಒಂದು ಬಗೆಯ ಶಬ್ದ’ ಎಂದಷ್ಟೇ ಅರ್ಥ ಹೇಳುವುದೂ ಸಾಲದು. ಅದು ಯಾವ ಅಂಗದ್ದು, ಪರರಿಗೆ ಕೇಳುವುದೋ ತನಗಷ್ಟೇ ತಿಳಿಯುವುದೋ, ಒಮ್ಮೆಗೇ ಆಗುವುದೋ ಎಡೆಬಿಡದೆ ನಡೆಯುವುದೋ ಎಂಬ ಮೂರನ್ನು ನಿಘಂಟು ಸ್ಪಷ್ಟಪಡಿಸಬೇಕು. ಹಾಗಾದಲ್ಲಿ ರೋಗಿಯ ಮಾತು ವೈದ್ಯನ ಬರಹವನ್ನು ಸೇರುವಾಗ ಅರ್ಥಗೆಡದು.