ಮೂವರು ಮಹಿಳೆಯರ ರಕ್ಷಣೆ

ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮೇಲಿಂದ ಮೇಲೆ ಬರುವ ಸುದ್ದಿಯೊಂದಿದೆ. ಖಚಿತ ಮಾಹಿತಿ ಮೇರೆಗೆ ಪೊಲೀಸರು ಲಾಡ್ಜೊಂದರ ಮೇಲೆ ದಾಳಿ ನಡೆಸಿ, ಇಬ್ಬರನ್ನು ಬಂಧಿಸಿ, ಮೂವರು ಮಹಿಳೆಯರನ್ನು ರಕ್ಷಿಸಿದ್ದಾರೆ. ಊರು ಬದಲಾಗುತ್ತದೆ, ಒಕ್ಕಣೆ ಬದಲಾಗುವುದಿಲ್ಲ. ಹೊಸಪೇಟೆಯಲ್ಲಿ ಕೂತು ಇದನ್ನು ಓದುವ ನನ್ನ ತಕರಾರು 'ರಕ್ಷಣೆ' ಎಂಬ ಒಂದು ಶಬ್ದದ ಬಗ್ಗೆ.

ದಾಳಿಗೆ ಮುಂಚೆ ಹಲವು ಸಲ ಪೊಲೀಸರೇ ಕಳಿಸಿದ ನಕಲಿ ಗಿರಾಕಿ ಹೋಗಿರುತ್ತಾನೆ. ಅವನ ಜೇಬಿನಲ್ಲಿ ನಂಬರು ಬರೆದಿಟ್ಟುಕೊಂಡ ನೋಟು. ಅದು ಅವಳ ಕೈಸೇರಿತೆಂದರೆ ಪಂಚನಾಮೆ ಶುರು. ವ್ಯವಹಾರ ಕುದುರಿಸಿದವನು ಸಾಕ್ಷಿಯಾಗುತ್ತಾನೆ. ಒಪ್ಪಿದವಳು ಮುಖಕ್ಕೆ ಸೆರಗು ಮುಚ್ಚಿ ಠಾಣೆಯ ಬೆಂಚಿನ ಮೇಲೆ ಕೂರುತ್ತಾಳೆ.

1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಮೈಮಾರುವುದನ್ನೇ ಅಪರಾಧವೆನ್ನುವುದಿಲ್ಲ. ಆದರೆ ಗಿರಾಕಿಯನ್ನು ಬಹಿರಂಗವಾಗಿ ಕರೆದವಳಿಗೆ 8ನೇ ಕಲಮಿನಲ್ಲಿ ಮೊದಲ ಸಲಕ್ಕೆ 6 ತಿಂಗಳ ತನಕ ಸೆರೆ, ಇಲ್ಲವೆ 500 ರೂಪಾಯಿ ತನಕ ದಂಡ, ಇಲ್ಲವೆ ಎರಡೂ. ಒಂದು ಕಲಮಿಗೆ ಅವಳು ಆರೋಪಿ, ಇನ್ನೊಂದಕ್ಕೆ ರಕ್ಷಿಸಬೇಕಾದವಳು. ಯಾವುದನ್ನು ಹಿಡಿಯಬೇಕೆಂಬುದು ದಾಳಿಗೆ ಬಂದವರ ಮರ್ಜಿ.

ಅವಳು ಬಿಡುಗಡೆಯಾಗಿ ಬಂದ ಮೇಲೆ ಏನು? ಹಂಪಿ ನೋಡಲು ಬರುವವರಿಂದ ತುಂಬುವ ಹೊಸಪೇಟೆಯ ಲಾಡ್ಜುಗಳು ಅವಳಿಗೆ ಬಾಗಿಲು ಮುಚ್ಚಿದರೆ, ಉಳಿಯುವುದು ಸಂಡೂರಿನ ಅದಿರು ಲಾರಿಗಳ ದಾರಿ, ಕಂಪ್ಲಿ ಕಡೆಯ ಕತ್ತಲ ರಸ್ತೆ. ಲಾಡ್ಜಿನಲ್ಲಿ ಕೂಗಿದರೆ ಪಕ್ಕದ ಕೋಣೆಗಾದರೂ ಕೇಳೀತು. ರಸ್ತೆಯಲ್ಲಿ ಬಂದವನ ಮುಖ ಸರಿಯಾಗಿ ನೋಡುವ ಮೊದಲೇ ಗಾಡಿ ಹತ್ತಬೇಕು. ದಂಡ, ವಕೀಲರ ಫೀಸು, ಕೆಲಸವಿಲ್ಲದ ದಿನಗಳ ಮನೆ ಬಾಡಿಗೆ ಎಲ್ಲಕ್ಕೂ ಸಾಲ. ಸಾಲದವಳು ನಿರೋಧ್ ಬೇಡವೆಂದವನನ್ನು ಹೇಗೆ ವಾಪಸು ಕಳಿಸಿಯಾಳು? ಅವನು ಹೊಡೆದರೆ ಅದೇ ಠಾಣೆಯ ಮೆಟ್ಟಿಲು ಹೇಗೆ ಹತ್ತಿಯಾಳು?

ಎಳೆ ಹುಡುಗಿಯರನ್ನು, ಬಲವಂತಕ್ಕೆ ಸಿಕ್ಕವರನ್ನು ಬಿಡಿಸಲು ಪೊಲೀಸರು ಹೋಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲರನ್ನೂ ಒಂದೇ ಜೀಪಿಗೆ ತುಂಬಿದರೆ ನಿಜಕ್ಕೂ ಬಿಡಿಸಬೇಕಾದವಳು ಆ ಗದ್ದಲದಲ್ಲಿ ಕಳೆದುಹೋಗುತ್ತಾಳೆ.

2022ರ ಮೇ 19ರಂದು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿತು: ಈ ಕೆಲಸದಲ್ಲಿರುವವರನ್ನು ಪೊಲೀಸರು ಪೀಡಿಸಬಾರದು, ನಿರೋಧ್ ಅನ್ನು ಅಪರಾಧದ ಪುರಾವೆ ಎನ್ನಬಾರದು, ಪತ್ರಿಕೆಗಳು ಅವರ ಗುರುತು ಬಯಲು ಮಾಡಬಾರದು. ನಮ್ಮ ರಾಜ್ಯ ಈ ಪಾಠವನ್ನು ದೆಹಲಿಯಿಂದಲೇ ಕಲಿಯಬೇಕಾಗಿಯೂ ಇರಲಿಲ್ಲ. ಮೈಸೂರಿನ ಆಶೋದಯ ಸಮಿತಿಯಂಥ, ಈ ಹೆಂಗಸರೇ ಕಟ್ಟಿಕೊಂಡ ಸಂಘಗಳು ಪೊಲೀಸರ ಜೊತೆ ಕೂತು ಮಾತಾಡಿದ್ದುಂಟು. ಇಂಥ ಕೆಲಸವೂ ಸೇರಿದ್ದ ಎಚ್‌ಐವಿ ತಡೆ ಕಾರ್ಯಕ್ರಮದ ಅವಧಿಯಲ್ಲಿ ಕರ್ನಾಟಕದಲ್ಲಿ ಅವರ ಮೇಲಿನ ಹಿಂಸೆಯೂ ಬಂಧನಗಳೂ ಇಳಿದವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ.

ಠಾಣೆಯ ಸಾಧನೆಯನ್ನು ದಾಳಿಗಳ ಲೆಕ್ಕದಲ್ಲಿ ಅಳೆಯುವುದನ್ನು ಬಿಡೋಣ. ಹೊಡೆಸಿಕೊಂಡ ಹೆಂಗಸು ರಾತ್ರಿ ಹನ್ನೆರಡಕ್ಕೆ ಅಂಜದೆ ಬಂದು ದೂರು ಬರೆಸುವಂತಾದರೆ ಆ ಠಾಣೆ ರಕ್ಷಣೆ ಕೊಟ್ಟಿತೆಂದು ನಾನು ಒಪ್ಪುತ್ತೇನೆ.