ಕರೆಯದೆ ಬಂದವಳು

ಜಾನ್ ಬನಿಯನ್ ಬರೆದ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ 19ನೆಯ ಶತಮಾನದಲ್ಲೇ ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದ ಪುಸ್ತಕ. ಬೆನ್ನ ಮೇಲೆ ಪಾಪದ ಹೊರೆ ಹೊತ್ತ ಕ್ರಿಶ್ಚಿಯನ್ ಎಂಬ ಗಂಡಸು ನಾಶವಾಗಲಿರುವ ಊರನ್ನು ಬಿಟ್ಟು, ಸ್ವರ್ಗದ ಪಟ್ಟಣಕ್ಕೆ ನಡೆದು ಹೋಗುವ ಕಥೆ. 1678ರಲ್ಲಿ ಪ್ರಕಟವಾದ ಈ ಮೊದಲ ಭಾಗವನ್ನು ಬಲ್ಲವರು ಬಹಳ ಮಂದಿ. 1684ರಲ್ಲಿ ಬಂದ ಎರಡನೆಯ ಭಾಗವನ್ನು ಓದಿದವರು ಅಷ್ಟಿಲ್ಲ. ಅದು ಹೆಂಗಸರು ಮಕ್ಕಳ ಯಾತ್ರೆಯ ಕಥೆ. ನನಗೆ ಆ ಎರಡನೆಯದೇ ಹೆಚ್ಚು ಪ್ರಿಯ. ಏಕೆಂದು ಹೇಳಲು ಈ ನಾಲ್ಕು ಮಾತು.

‘ನನಗೆ ರಕ್ಷಣೆ ಸಿಕ್ಕಿದೆಯೆಂದು ನಾನು ತಿಳಿಯುವುದು ಹೇಗೆ?’ ಇದು ಬನಿಯನ್ನನ ಬಾಳನ್ನೆಲ್ಲ ಕಾಡಿದ ಪ್ರಶ್ನೆ. ಯಾರು ಉಳಿಯಬೇಕೆಂಬುದನ್ನು ದೇವರು ಮೊದಲೇ ಆರಿಸಿದ್ದಾನೆ, ಮನುಷ್ಯನ ಒಳ್ಳೆಯ ನಡತೆಯಿಂದ ಅದನ್ನು ಗಳಿಸಲಾಗದು ಎಂಬುದು ಅವನ ಕಾಲದ ಪ್ಯೂರಿಟನ್ನರ ನಂಬಿಕೆ. ಹಾಗಿದ್ದರೆ ಆರಿಸಿದವರ ಪಟ್ಟಿಯಲ್ಲಿ ನನ್ನ ಹೆಸರಿದೆಯೆ? ಈ ಒಂದು ಅನುಮಾನ ಹೊಕ್ಕಿತೆಂದರೆ ಊಟ ಸೇರದು, ನಿದ್ದೆ ಹತ್ತದು.

ಬನಿಯನ್ ಇಂಗ್ಲೆಂಡಿನ ಬೆಡ್‌ಫರ್ಡ್ ಬಳಿಯ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ 1628ರಲ್ಲಿ ಹುಟ್ಟಿದವನು. ತೂತುಬಿದ್ದ ಪಾತ್ರೆಗಳನ್ನು ರಿಪೇರಿ ಮಾಡುವುದು ಅವನ ಕಸುಬು. ಮದುವೆಯಾದಾಗ ಗಂಡಹೆಂಡಿರ ಮನೆಯಲ್ಲಿ ಒಂದು ತಟ್ಟೆ, ಒಂದು ಚಮಚವೂ ಇರಲಿಲ್ಲವಂತೆ. ಆಕೆ ತವರಿನಿಂದ ತಂದದ್ದು ಎರಡು ಧಾರ್ಮಿಕ ಪುಸ್ತಕಗಳನ್ನು. ಸೆರೆಮನೆಯಲ್ಲಿದ್ದು ಬರೆದು 1666ರಲ್ಲಿ ಪ್ರಕಟಿಸಿದ ಆತ್ಮಕಥೆ ‘ಗ್ರೇಸ್ ಅಬೌಂಡಿಂಗ್’ನಲ್ಲಿ ಅವನೇ ಇದನ್ನೆಲ್ಲ ಹೇಳಿಕೊಂಡಿದ್ದಾನೆ.

ಅದೇ ಪುಸ್ತಕದಲ್ಲಿ ಇನ್ನೊಂದು ಪ್ರಸಂಗವಿದೆ. ಕೆಲಸದ ಮೇಲೆ ಬೆಡ್‌ಫರ್ಡಿಗೆ ಹೋದವನು ಒಂದು ಬೀದಿಯಲ್ಲಿ ಮೂರು ನಾಲ್ಕು ಬಡ ಹೆಂಗಸರನ್ನು ಕಂಡ. ಬಾಗಿಲ ಬಳಿ ಬಿಸಿಲಿಗೆ ಕೂತು ಅವರು ದೇವರ ವಿಷಯ ಆಡಿಕೊಳ್ಳುತ್ತಿದ್ದರು. ಧರ್ಮದ ಮಾತಿನಲ್ಲಿ ತಾನೇ ಚುರುಕೆಂದುಕೊಂಡಿದ್ದ ಬನಿಯನ್ ಹತ್ತಿರ ಹೋಗಿ ಕಿವಿಗೊಟ್ಟರೆ ಅವನಿಗೆ ಒಂದೂ ಅರ್ಥವಾಗಲಿಲ್ಲ. ತಮ್ಮ ಸೋಲನ್ನೂ ತಮಗೆ ದೊರೆತ ಸಮಾಧಾನವನ್ನೂ ಅವರು ಅಷ್ಟು ಸಂತೋಷದಿಂದ ಹೇಳಿಕೊಳ್ಳುತ್ತಿದ್ದರು. ಬೇರೆ ಯಾವುದೋ ಲೋಕವನ್ನು ಕಂಡುಬಂದವರಂತೆ ತೋರಿದರಂತೆ. ಅವನು ಮತ್ತೆ ಮತ್ತೆ ಅವರ ಸಹವಾಸ ಹುಡುಕಿಕೊಂಡು ಹೋದ. ಮುಂದೆ ದೊಡ್ಡ ಬೋಧಕನೆನಿಸಿದವನ ದಾರಿ ಹೀಗೆ ಹೆಂಗಸರ ಹೊಸ್ತಿಲ ಮಾತಿನಿಂದ ತಿರುಗಿತೆಂಬುದು ನಮ್ಮಂಥವರಿಗೆ ಬಲು ಸ್ವಾರಸ್ಯದ ಸಂಗತಿ, ಅಲ್ಲವೆ?

ಆದರೂ ಅವನ ಕಳವಳ ಅಲ್ಲಿಗೆ ತೀರಲಿಲ್ಲ. ಸತ್ಯವೇದದ ಒಂದು ವಾಕ್ಯ ಅವನನ್ನು ಎತ್ತಿದರೆ ಇನ್ನೊಂದು ಕೆಡವುತ್ತಿತ್ತು. ಜ್ಯೇಷ್ಠನ ಹಕ್ಕನ್ನು ಒಂದು ಹೊತ್ತಿನ ಊಟಕ್ಕೆ ಮಾರಿಕೊಂಡ ಏಸಾವನಂತೆ ತಾನೂ ಕ್ರಿಸ್ತನನ್ನು ಮಾರಿಬಿಟ್ಟೆನೆಂದು ಬಹುಕಾಲ ನರಳಿದ. ಕೊನೆಗೆ ಒಂದು ದಿನ ಹೊಲದಲ್ಲಿ ನಡೆಯುತ್ತಿದ್ದಾಗ, ತನ್ನ ನೀತಿಯೆಂಬುದು ತನ್ನ ಮನಸ್ಸಿನ ಏರಿಳಿತದಲ್ಲಿಲ್ಲ, ಪರಲೋಕದಲ್ಲಿ ಕ್ರಿಸ್ತನಲ್ಲಿದೆ ಎಂಬ ಅರಿವು ಮೂಡಿತು. ಮನಸ್ಸು ಹಗುರವಾಯಿತು. ಹಾಗೆಂದು ಅನುಮಾನಗಳು ಮತ್ತೆ ಬರಲೇ ಇಲ್ಲವೆಂದು ಅವನು ಹೇಳುವುದಿಲ್ಲ. ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಗುತ್ತದೆ.

ಈ ಅನುಭವವನ್ನು ಕಥೆ ಮಾಡುವಾಗ ಬನಿಯನ್ ಮೊದಲ ಭಾಗದಲ್ಲಿ ಭರವಸೆಗೆ ಒಂದು ಸುರುಳಿ ಪತ್ರದ ರೂಪ ಕೊಟ್ಟ. ಶಿಲುಬೆಯ ಬಳಿ ಕ್ರಿಶ್ಚಿಯನ್ನನ ಹೊರೆ ಕಳಚಿ ಬೀಳುತ್ತದೆ, ಕೈಗೆ ಆ ಸುರುಳಿ ಸಿಗುತ್ತದೆ. ಗುಡ್ಡ ಹತ್ತುವಾಗ ಅವನು ನಿದ್ದೆಹೋಗಿ ಅದನ್ನು ಕಳೆದುಕೊಂಡು, ಅಳುತ್ತ ಹಿಂದಕ್ಕೆ ಹೋಗಿ ಹುಡುಕಿ ತರಬೇಕಾಗುತ್ತದೆ. ಅದನ್ನು ಸ್ವರ್ಗದ ಬಾಗಿಲಲ್ಲಿ ತೋರಿಸಬೇಕು. ಅದೇ ಬಾಗಿಲಿಗೆ ‘ಅಜ್ಞಾನ’ ಎಂಬ ಯುವಕನೂ ಬರುತ್ತಾನೆ. ತಾನು ಒಳಗೆ ಹೋಗಿಯೇ ಹೋಗುವೆನೆಂದು ಅವನಿಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಪತ್ರವಿಲ್ಲ. ಕೈಕಾಲು ಕಟ್ಟಿ ಅವನನ್ನು ನರಕಕ್ಕೆ ನೂಕುತ್ತಾರೆ. ಎದೆಯೊಳಗಿನ ಧೈರ್ಯವೇ ರಕ್ಷಣೆಗೆ ಸಾಕ್ಷಿಯಾಗದೆಂದು ಹೇಳುವುದು ಕವಿಯ ಉದ್ದೇಶ, ಒಪ್ಪೋಣ. ಆದರೆ ಕಥೆ ಮುಗಿಸುವ ಕಡೆ ಇಷ್ಟು ನಿಷ್ಠುರ ಬೇಕಿತ್ತೆ? ಅಳುಕುವ ಸ್ವಭಾವದ ಓದುಗಳು ಅಲ್ಲಿ ಪುಸ್ತಕ ಮುಚ್ಚಿ, ‘ನನ್ನದೂ ಇಂಥ ಹುಸಿ ಧೈರ್ಯವಾಗಿದ್ದರೆ?’ ಎಂದು ಬೆಚ್ಚುವುದಿಲ್ಲವೆ?

ಇನ್ನೂ ಒಂದು ಮಾತು ನನ್ನನ್ನು ಚುಚ್ಚುತ್ತದೆ. ಹೆಂಡತಿ ಮಕ್ಕಳು ಕೂಗುತ್ತಿದ್ದರೂ ಕ್ರಿಶ್ಚಿಯನ್ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ಹಿಂದೆ ಉಳಿದವಳ ಪಾಡೇನು? ಬನಿಯನ್ ಅಪ್ಪಣೆಯಿಲ್ಲದೆ ಬೋಧಿಸಿದನೆಂದು 1660ರಲ್ಲಿ ಸೆರೆಯಾಗಿ ಸುಮಾರು 12 ವರ್ಷ ಒಳಗಿದ್ದ. ಆ ಸುದ್ದಿಯ ಆಘಾತಕ್ಕೆ ಎರಡನೆಯ ಹೆಂಡತಿ ಎಲಿಜಬೆತಳಿಗೆ ದಿನ ತುಂಬುವ ಮುನ್ನವೇ ಹೆರಿಗೆಯಾಗಿ ಮಗು ತೀರಿಕೊಂಡಿತು. ಮೊದಲ ಹೆಂಡತಿಯ ನಾಲ್ಕು ಮಕ್ಕಳು ಅವಳ ಮಡಿಲಿಗೆ ಬಿದ್ದಿದ್ದವು. ಹಿರಿಯ ಮಗಳು ಕುರುಡಿ. ಆ ಎಲಿಜಬೆತ್ 1661ರಲ್ಲಿ ನ್ಯಾಯಾಧೀಶರೆದುರು ನಿಂತು ಗಂಡನಿಗಾಗಿ ವಾದಿಸಿದಳು. ಎರಡನೆಯ ಭಾಗದಲ್ಲಿ ಕ್ರಿಶ್ಚಿಯನ್ನನ ಹೆಂಡತಿ ಕ್ರಿಸ್ಟಿಯಾನಾ ನಾಲ್ಕು ಗಂಡುಮಕ್ಕಳನ್ನು ಕಟ್ಟಿಕೊಂಡು ಹೊರಡುವಾಗ ನನಗೆ ಎಲಿಜಬೆತಳೇ ನೆನಪಾಗುತ್ತಾಳೆ.

ಕ್ರಿಸ್ಟಿಯಾನಾಳಿಗೆ ರಾಜನಿಂದ ಚಿನ್ನದಕ್ಷರದ ಓಲೆ ಬಂದಿರುತ್ತದೆ. ಜೊತೆಗೆ ಹೊರಟ ನೆರೆಮನೆಯ ಹುಡುಗಿ ಮರ್ಸಿಗೆ ಯಾವ ಓಲೆಯೂ ಇಲ್ಲ. ಬಾಗಿಲು ತೆರೆದು ತಾಯಿಮಕ್ಕಳನ್ನು ಒಳಗೆ ಕರೆದುಕೊಂಡಾಗ ಅವಳು ಹೊರಗೇ ಉಳಿದು ನಡುಗುತ್ತಾಳೆ. ಒಳಗೆ ಕ್ರಿಸ್ಟಿಯಾನಾ ಅವಳ ಪರವಾಗಿ ಬೇಡಿಕೊಳ್ಳುತ್ತಿರುವಾಗ ಇವಳು ತಡೆಯಲಾರದೆ ಜೋರಾಗಿ ಬಾಗಿಲು ಬಡಿದು ಮೂರ್ಛೆಹೋಗುತ್ತಾಳೆ. ಬಾಗಿಲ ಯಜಮಾನ ಕೈಹಿಡಿದು ಎಬ್ಬಿಸುತ್ತಾನೆ. ನನ್ನನ್ನು ಕರೆದದ್ದು ರಾಜನಲ್ಲ, ನನ್ನ ಗೆಳತಿ ಎಂದು ಅವಳು ಹೆದರುತ್ತ ಹೇಳಿದರೆ, ನಂಬಿ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತೇನೆ, ಯಾವ ದಾರಿಯಿಂದ ಬಂದರೂ ಸರಿ ಎನ್ನುತ್ತಾನೆ. ಇಡೀ ಗ್ರಂಥದಲ್ಲಿ ಇದಕ್ಕಿಂತ ತಂಪಾದ ಮಾತು ನನಗೆ ಕಂಡಿಲ್ಲ. ಪತ್ರವಿಲ್ಲದವಳಿಗೂ ಬಾಗಿಲು ತೆರೆಯಿತಲ್ಲ!

ಭಯವೇ ಮೈಯಾದ ‘ಫಿಯರಿಂಗ್’ ಎಂಬ ಯಾತ್ರಿಕನ ಕಥೆಯೂ ಇಲ್ಲಿದೆ. ಸಿಂಹಗಳಿಗೆ ಅವನು ಹೆದರಲಿಲ್ಲ. ತನ್ನನ್ನು ಕೊನೆಗೆ ಒಳಗೆ ಬಿಡುವರೋ ಇಲ್ಲವೋ ಎಂಬುದೊಂದೇ ಅವನ ಭಯ. ಅವನು ಸಾವಿನ ನದಿಗಿಳಿದ ದಿನ ನೀರು ಎಂದೂ ಇಲ್ಲದಷ್ಟು ಇಳಿದಿತ್ತು, ಕಾಲು ತೋಯುವಷ್ಟೇ ಆಗಿತ್ತೆಂದು ಬನಿಯನ್ ಬರೆಯುತ್ತಾನೆ. ಧೈರ್ಯವಿದ್ದ ‘ಅಜ್ಞಾನ’ ಮುಟ್ಟಲಿಲ್ಲ, ಧೈರ್ಯವಿಲ್ಲದ ಈ ಯಾತ್ರಿಕ ಮುಟ್ಟಿದ. ರಕ್ಷಣೆಯೇ ಬೇರೆ, ರಕ್ಷಣೆ ಸಿಕ್ಕಿತೆಂಬ ಭರವಸೆಯೇ ಬೇರೆ ಎಂದು ಎರಡೂ ಭಾಗಗಳನ್ನು ಜೊತೆಗಿಟ್ಟು ಓದಿದಾಗ ತಿಳಿಯುತ್ತದೆ.

ಎರಡನೆಯ ಭಾಗದಲ್ಲಿ ಕೊರತೆಯಿಲ್ಲವೆಂದಲ್ಲ. ಗಂಡಸು ಒಬ್ಬನೇ ಹೊರಟಿದ್ದ ದಾರಿಯಲ್ಲಿ ಹೆಂಗಸರಿಗೆ ಕತ್ತಿ ಹಿಡಿದ ಕಾವಲುಗಾರನನ್ನು ಕೊಟ್ಟದ್ದು, ಅವನು ಹೆಜ್ಜೆಹೆಜ್ಜೆಗೂ ಉಪದೇಶ ಮಾಡುವುದು, ನನಗೆ ರುಚಿಸುವುದಿಲ್ಲ. ಆದರೆ ಆ ಗುಂಪಿನೊಳಗೆ ಕುಂಟರಿದ್ದಾರೆ, ಪುಕ್ಕಲರಿದ್ದಾರೆ, ಮಕ್ಕಳಿದ್ದಾರೆ. ಯಾರನ್ನೂ ಹಿಂದೆ ಬಿಟ್ಟು ಮುಂದೆ ಓಡುವುದಿಲ್ಲ. ಅವರಲ್ಲಿ ‘ಮಚ್ ಅಫ್ರೇಡ್’ ಎಂಬ ಹುಡುಗಿಯೊಬ್ಬಳು ಕೊನೆಯಲ್ಲಿ ಹಾಡುತ್ತ ನದಿ ದಾಟುತ್ತಾಳೆ. ಅವಳು ಹಾಡಿದ್ದೇನೆಂದು ದಡದಲ್ಲಿದ್ದ ಯಾರಿಗೂ ತಿಳಿಯಲಿಲ್ಲವಂತೆ. ಬಾಳೆಲ್ಲ ಭರವಸೆಗಾಗಿ ತಡಕಾಡಿದ ಬನಿಯನ್, ಅವಳ ಬಾಯಲ್ಲಿ ಇಂಥದೇ ಮಾತು ಬರಬೇಕೆಂದು ಒತ್ತಾಯಿಸದೆ ಅವಳನ್ನು ದಾಟಲು ಬಿಟ್ಟ. ಸಾಧ್ಯವಾದರೆ ಆ ಪುಟವನ್ನು ಹುಡುಕಿ ಓದಿ.